ಎರಡೂವರೆ ಗೇಣು

ಕಯಾವೊ ಬಂದರಿನಲ್ಲಿ ಸೋಮವಾರ ನಮಗೆ ರಜೆ.
ಮಿಕ್ಕ ದಿನ ಹತ್ತಕ್ಕೆ ಬಾಗಿಲು ತೆಗೆಯುತ್ತೇನೆ.
ಬಾಗಿಲೆಂದರೆ, ಅದರ ಪಕ್ಕೆಗೆ ಕೊರೆದ ತೂತು.
ಆಗೆಲ್ಲ ನಾವು ನೆತ್ತಿಯಿಂದ ಇಳಿಯುತ್ತಿದ್ದೆವು.
ಈಗ ಶಾಲೆಯ ಮಕ್ಕಳು, ಮಂಡಿನೋವಿನವರು
ಬರಲೆಂದು ಮೆಟ್ಟಿಲು, ಮೆಟ್ಟಿಲಿಗೆ ಹಸಿರು ಬಣ್ಣ.

ಮುಳುಗುವ ಹಡಗಿನ ಪಕ್ಕೆಗೆ ಬಾಗಿಲು!
ಮೊದಲ ದಿನ ನೋಡಿದಾಗ
ಕಿವಿ ತಾನಾಗಿ ಗವ್ವೆಂದು ಮುಚ್ಚಿಕೊಂಡಿತು.

ಪೆರಿಸ್ಕೋಪಿಗೆ ಮಕ್ಕಳ ಸಾಲು.
ಕಾಣುವುದಿಷ್ಟು: ಮೀನುಹಿಟ್ಟಿನ ಕಾರ್ಖಾನೆಯ ಹೊಗೆ,
ಯಾರದೋ ಮಹಡಿಯಲ್ಲಿ ಒಣಹಾಕಿದ ಲಂಗ,
ಕಂಬದ ಮೇಲೊಂದು ಮುದಿ ಪೆಲಿಕನ್.
ಶತ್ರು ಎಲ್ಲಿ, ತಾತ?
ಹುಡುಕು, ಮರಿ, ನಾನೂ ಹತ್ತೊಂಬತ್ತು ವರ್ಷ ಹುಡುಕಿದೆ.

ಆಮೇಲೆ ಬಾಯಿಪಾಠ. ಇಷ್ಟು ಮೀಟರ್ ಆಳ,
ಇಷ್ಟು ಟಾರ್ಪಿಡೊ, ನಲವತ್ತು ಜನಕ್ಕೆ ಎರಡು ಕಕ್ಕಸು.
ಇಲ್ಲಿ ಎಲ್ಲರೂ ನಗುತ್ತಾರೆ.
ನಗುವಿಗೆ ಜಾಗ ಬಿಟ್ಟು ನಿಲ್ಲುತ್ತೇನೆ.

ಜೂನ್ ತಿಂಗಳು. ಮಳೆಯೂ ಅಲ್ಲದ, ಮಂಜೂ ಅಲ್ಲದ
ಆ ಬೂದುಬಣ್ಣದ ಜಿನುಗು.
ಒಬ್ಬಳೇ ಬಂದಳು, ಕಪ್ಪು ಸ್ವೆಟರ್,
ಟಿಕೆಟ್ಟಿಗೆ ಸರಿಯಾದ ಚಿಲ್ಲರೆ.
ಇಂಜಿನ್ ನೋಡಲಿಲ್ಲ, ಟಾರ್ಪಿಡೊ ನೋಡಲಿಲ್ಲ.
"ಸೋನಾರ್‌ನವರು ಮಲಗುತ್ತಿದ್ದುದು ಎಲ್ಲಿ?"

ತೋರಿಸಿದೆ. ಹಗ್ಗದಾಚೆ ಕೈ ಚಾಚಿ
ಹೆಬ್ಬೆರಳಿಂದ ಕಿರುಬೆರಳಿಗೆ, ಮತ್ತೆ ಹೆಬ್ಬೆರಳಿಂದ,
ಸೀರಾಗಿ ಅಳೆದಳು, ದರ್ಜಿಯ ಹಾಗೆ.
ಅಗಲ: ಎರಡೂವರೆ ಗೇಣು.
ಉದ್ದ ಅಳೆಯಲೇ ಇಲ್ಲ.

"ಮೂವತ್ತೊಂದು ವರ್ಷ,"
ಅಂದಳು, ನನಗಲ್ಲ, ಹಾಸಿಗೆಗೆ,
"ಮಂಚದ ಅಂಚಿಗೆ ಅಂಟಿ ಮಲಗಿದ, ಗೋಡೆಯತ್ತ ಮುಖ.
ಅಮ್ಮ ಅಂದಳು, ಬೇರೆ ಯಾರೋ ಇದ್ದಾಳೆ.
ಪಾದ್ರಿ ಅಂದರು, ಪ್ರಾರ್ಥಿಸು.
ನಾನು ಬಳೆ ಮಾರಿ ದೊಡ್ಡ ಮಂಚ ಮಾಡಿಸಿದೆ,
ಸೀಡರ್ ಮರದ್ದು.
ಅದರಲ್ಲೂ ಫೌಸ್ಟಿನೊಗೆ ಬೇಕಾದ್ದು ಇಷ್ಟೇ."

ಫೌಸ್ಟಿನೊ!
ಆ ಹಾಸಿಗೆ ಇಬ್ಬರದ್ದು, ಅಮ್ಮಾ.
ಅವನ ಪಾಳಿ ಶುರುವಾದರೆ ನನ್ನ ನಿದ್ದೆ ಶುರು.
ಅವನೆದ್ದ ಕಾವಿಗೇ ನಾನು ಬೆನ್ನು ಕೊಡುತ್ತಿದ್ದೆ.
ಡೀಸೆಲ್ ವಾಸನೆ, ಅವನ ತಲೆಯೆಣ್ಣೆ ವಾಸನೆ.
ನಮ್ಮ ನಡುವೆ ಹೆಚ್ಚು ಮಾತಿರಲಿಲ್ಲ.
ಏಳುವಾಗ ಮಾತ್ರ ಬೆವರಿನ ದಿಂಬನ್ನು
ಮಗುಚಿ, ಒಣ ಮಗ್ಗುಲು ಮೇಲೆ ಮಾಡಿ
ಹೋಗುತ್ತಿದ್ದ. ಪ್ರತಿ ಸಲ.

ಇದನ್ನು ಹೇಳಬೇಕಿತ್ತು.
ಅಷ್ಟರಲ್ಲಿ ಹಸಿರು ಮೆಟ್ಟಿಲ ಮೇಲೆ
ಐವತ್ತು ಜೊತೆ ಶಾಲೆಯ ಬೂಟು.
ಅವಳು ಗೋಡೆಗೆ ಒತ್ತಿ ದಾರಿ ಬಿಟ್ಟಳು,
ಇಕ್ಕಟ್ಟಿನಲ್ಲಿ ಬಾಳಿದವಳ ಹಾಗೆ,
ಆಮೇಲೆ ಕಾಣಲಿಲ್ಲ.
ಆ ದಿನ ಕಕ್ಕಸಿನ ಮಾತು ಬಂದಾಗ
ನಗುವಿಗೆ ಜಾಗ ಬಿಡುವುದು ಮರೆತೆ.

ಆರಕ್ಕೆ ದೀಪ ಆರಿಸುತ್ತಾ ಬಂದೆ,
ಮೂತಿಯಿಂದ ಬಾಲದ ಕಡೆಗೆ.
ಹಗ್ಗ ದಾಟಿದೆ. ಮುಟ್ಟಬಾರದು ಅಂತ
ಬೋರ್ಡು ಬರೆದವನು ನಾನೇ.
ದಿಂಬು ಮಗುಚಿ ಹಾಕಿದೆ.

ಎರಡೂ ಮಗ್ಗುಲು ಒಣಗಿಯೇ ಇತ್ತು.