ಸ್ಟಾಕ್ ರಜಿಸ್ಟರ್

ನಮ್ಮ ಶೆಡ್ಡಿನ್ಯಾಗ ಸಿಮೆಂಟ್ ಹಾಕೂದಿಲ್ಲ.
ಸುಣ್ಣ, ಉಸುಕು, ನೀರು, ಅಷ್ಟ.
ಯಾಕಂದ್ರ ಮುಂಜಾನೆ ಕಟ್ಟಿದ್ದು
ಸಂಜಿ ನಾಕಕ್ಕ ಬಿಚ್ಚಬೇಕು.
ಇಟ್ಟಂಗಿ ಒಂದೊಂದಾಗಿ ಕೆರದು, ತೊಳದು
ಮೂಲ್ಯಾಗ ಒಟ್ಟಬೇಕು.
ನಾಳೆ ಮತ್ತ ಬೇಕಾಗತಾವು.

ಹೊಸ ಬ್ಯಾಚಿನವರು ಮೊದಲ ವಾರ ಕೇಳತಾರ:
"ಸರ್, ಕೆಡವೂದಾದ್ರ ಕಟ್ಟೂದ್ಯಾಕ?"
ನಾ ಅವರ ಕೈಯಾಗ ಒಳಂಬ ಕೊಡತೀನಿ.
"ಗುಂಡು ಅಲ್ಲಾಡೂದು ನಿಂದ್ರಲಿ, ಹೇಳತೀನಿ."
ಬೆಟಗೇರಿ ಗಾಳಿಗೆ ಅದು ಲಗೂನ ನಿಂದ್ರೂದಿಲ್ಲ.
ನಿಂತಾಗ ಪ್ರಶ್ನಿ ಮರತಿರತಾರ.

ಇಂಗ್ಲಿಷ್ ಬಾಂಡ್ ಅಂತ ಪುಸ್ತಕದಾಗ ಹೆಸರು:
ಒಂದು ವರಸಿ ಅಡ್ಡ, ಒಂದು ವರಸಿ ಉದ್ದ,
ಸಂದಿ ಮ್ಯಾಲೆ ಸಂದಿ ಬರಬಾರದು.
ನಮ್ಮಪ್ಪ ಇದನ್ನ ಹೆಸರಿಲ್ಲದ ಕಲಿಸಿದ್ದ:
"ಇಬ್ಬರ ಹೆಗಲ ಮ್ಯಾಲೆ ಒಬ್ಬ ಕುಂತ್ರ ಬೀಳೂದಿಲ್ಲಲೇ,
ಒಬ್ಬನ ತಲಿ ಮ್ಯಾಲೆ ಒಬ್ಬ ಕುಂತ್ರ ಬೀಳತಾನ."
ಪರೀಕ್ಷಾದಾಗ ಹಿಂಗ ಬರದ್ರ ಮಾರ್ಕ್ಸ್ ಇಲ್ಲ.

ಮಧ್ಯಾಹ್ನ ಪಕ್ಕದ ಖೋಲಿಯಿಂದ
ಇಂಟೀರಿಯರ್ ಹುಡುಗ್ಯಾರು ಬರತಾರ,
ಟೇಪು, ಬಣ್ಣದ ಚೀಟಿ, ಪರದೆ ತುಂಡು ಹಿಡಕೊಂಡು.
ನಾಕು ಫೂಟಿನ ನಮ್ಮ ಗ್ವಾಡಿ ಮುಂದ ನಿಂತು
"ಇಲ್ಲಿ ಸೋಫಾ" ಅಂತಾಳ ಒಬ್ಬಾಕಿ.
"ಸೋಫಾದ ಹಿಂದ ಕಿಡಕಿ."
"ಕಿಡಕಿ ಹೊರಗ ಏನೈತಿ?"
ಹೊರಗ ತುಕ್ಕಹಿಡದ ಪತ್ರಾಸು, ಸೈಕಲ್ ಸ್ಟ್ಯಾಂಡು,
ಅದರಾಚೆ ಗುಡ್ಡದ ಮ್ಯಾಲೆ ಗಾಳಿ ಫಂಕಿ ತಿರಗತಾವು.
"ಗಿಡ ಅಂತ ಬರಿ" ಅಂತಾರ. ಬರಕೋತಾರ.
ಇಪ್ಪತ್ತು ನಿಮಿಷ ಅದು ಮನಿ ಆಗಿರತೈತಿ.
ಒಮ್ಮೆ ಒಬ್ಬಾಕಿ
ಚಪ್ಪಲಿ ಬಿಟ್ಟು ಒಳಗ ಬಂದದ್ದ ನಾ ನೋಡೀನಿ.

ಈ ಇಟ್ಟಂಗಿಗೆ ಈಗ ಹನ್ನೊಂದು ವರ್ಷ.
ಸಾವಿರ ಗ್ವಾಡ್ಯಾಗ ಕುಂತು ಬಂದಾವು,
ಒಂದು ಮನ್ಯಾಗೂ ಇದ್ದಿಲ್ಲ.
ಮೂಲಿ ಸವದು ಸಾಬಾನಿನಂಗ ಗುಂಡಗಾಗ್ಯಾವು.
ಒಗ್ಗರಣಿ ವಾಸನಿ ಗೊತ್ತಿಲ್ಲ,
ಮೊಳಿ ಹೊಡಿಸಿಕೊಂಡಿಲ್ಲ,
ಹಬ್ಬಕ್ಕ ಬಣ್ಣ ಕಂಡಿಲ್ಲ,
ಕೂಸು ಹಿಡಕೊಂಡು ನಿಂತಿಲ್ಲ.

ಹುಲಿಗೆವ್ವ ಬಂಡಿವಡ್ಡರ,
ಹೋದ ವರ್ಷದ ಬ್ಯಾಚಿನ್ಯಾಗ ಒಬ್ಬಾಕೆ ಹುಡುಗಿ.
ಆಕಿ ಅವ್ವ ಇಪ್ಪತ್ತೆರಡು ವರ್ಷ ಮಾಲು ಹೊತ್ತಾಕಿ,
ಯಾರ ಗವಂಡಿನೂ ಆಕಿ ಕೈಗೆ ಥಾಪಿ ಕೊಟ್ಟಿದ್ದಿಲ್ಲ.
ಮಗಳು ಮೊದಲ ದಿನ ಎಡಗೈಲೆ ಹಿಡದ್ಲು.
"ಬಲಗೈ" ಅಂದ್ನಿ.
"ಗ್ವಾಡಿಗೇನ ಗೊತ್ತಾಗತೈತ್ರಿ ಸರ್" ಅಂದ್ಲು.
ಗೊತ್ತಾಗಲಿಲ್ಲ.

ಧಾರವಾಡದಿಂದ ಪರೀಕ್ಷಕರು ಬಂದ್ರು,
ಲೆವೆಲ್ ಇಟ್ರು, ಗುಳ್ಳಿ ನಡಬರಕ ನಿಂತಿತು.
ಪೆನ್ನಿಲೆ ಎರಡು ಸಲ ತಟ್ಟಿ
ಮಾರ್ಕ್ಸ್ ಹಾಕಿ ಚಾಕ್ಕ ಹೋದ್ರು.
ನಾಕು ಹೊಡೀತು.
ಉಳದವರು ಕಾಲಿಲೆ ಒದ್ದು ಕೆಡವಿದ್ರು, ನಕ್ಕೋತ.
ಈಕಿ ಮ್ಯಾಲಿಂದ ಒಂದೊಂದ ಇಳಿಸಿದ್ಲು,
ಮಲಗಿದ ಮಕ್ಕಳನ್ನ ಹಾಸಿಗ್ಗಿ ಹಾಕಿದಂಗ.

ಬಸ್ಸಿಗೆ ಹೊಂಟಾಕಿ ಚೀಲ
ಒಂದು ಕಡೆ ಜಗ್ಗಿತ್ತು.
ಬುತ್ತಿ ಡಬ್ಬಿ ಅಷ್ಟು ಭಾರ ಇರೂದಿಲ್ಲ,
ಹೊಳ್ಳಿ ಹೋಗೂವಾಗಂತೂ ಇರೂದಿಲ್ಲ.
ನಾ ಸೊತಃ ಗವಂಡಿ,
ಮೂರು ಕಿಲೋ ಅಂದ್ರ ಎಷ್ಟಂತ ನನ್ನ ಕಣ್ಣಿಗೆ ಗೊತ್ತು.
ಕರೀಲಿಲ್ಲ.

ರಾತ್ರಿ ಎಣಿಸಿದ್ನಿ: ಆರನೂರಾ ಮೂವತ್ತೊಂಬತ್ತು.
ಇರಬೇಕಾದದ್ದು ಆರನೂರಾ ನಲವತ್ತು.
ಷರಾ ಕಾಲಮ್ಮಿನ್ಯಾಗ ಬರದ್ನಿ:
"ಒಡೆದದ್ದು, ಒಂದು." ಸಹಿ.
ಹನ್ನೊಂದು ವರ್ಷದಾಗ
ಆ ಪುಸ್ತಕದಾಗ ನಾ ಬರದ ಒಂದ ಸುಳ್ಳು.

ಹಾತಲಗೇರಿ ಕಡೆ ಅವ್ವ ಮಗಳು
ಎರಡು ಖೋಲಿ ಎಬ್ಬಿಸ್ಯಾರ ಅಂತ ಸುದ್ದಿ.
ಹೋಗಿ ನೋಡಿಲ್ಲ.
ಗಿಲಾವ್ ಆದಮ್ಯಾಲೆ ಯಾವ ಇಟ್ಟಂಗಿ ಎಲ್ಲೈತಿ
ಕಟ್ಟಿದವರಿಗೂ ಹೇಳಾಕ ಬರೂದಿಲ್ಲ.

ಮಾರ್ಚಿನ್ಯಾಗ ಆಡಿಟ್ಟಿನವರು ಬಂದ್ರು.
"ಒಡೆದ ಚೂರೆಲ್ಲಿ?"
"ಗಾಳಿಗೆ ಹೋತ್ರಿ" ಅಂದ್ನಿ.
ಗದಗಿಗೆ ಹೊಸಬ್ರು, ಪಾಪ.
ಅಷ್ಟರಾಗ ಪತ್ರಾಸು ಧಡಧಡ ಅಂತು.
ಮ್ಯಾಲೆ ನೋಡಿ, ಬರಕೊಂಡ್ರು.