ನಲವತ್ತಮೂರು ಮೂಟೆ

ನನ್ನ ಚಾವಣಿ ಬಿರುಕು ಬಿಟ್ಟದ್ದು ಪ್ರೀತಿಯಿಂದ.
ನಗಬೇಡಿ, ತೋರಿಸುತ್ತೇನೆ:
ಇಗೋ, ದೀಪದ ಕೊಕ್ಕೆಯಿಂದ ಕಿಟಕಿಯವರೆಗೆ,
ಡಬ್ಲಿನ್ ಭೂಪಟದಲ್ಲಿ ಲಿಫಿ ನದಿ ಹರಿದ ಹಾಗೆ.

ಪ್ರತಿ ಗುರುವಾರ ಕಾಲುವೆಯ ಕಡೆಯಿಂದ ಗಾಡಿ ಸದ್ದು.
ಕುದುರೆಯ ಹೆಸರು ಬಿಷಪ್. ಕಲ್ಲಿದ್ದಲಿನವನು ಮಲಾಕಿ ಟೂಹಿ.
ಲಿಫ್ಟ್ ಕೆಟ್ಟು ಎರಡು ವರ್ಷ.
ಎಪ್ಪತ್ತೆರಡು ಮೆಟ್ಟಿಲು, ಬೆನ್ನ ಮೇಲೆ ಮೂಟೆ,
ನನ್ನ ಬಾಗಿಲು ದಾಟಿ, ಏದುಸಿರು ಬಿಡುತ್ತ, ಇನ್ನೂ ಮೇಲಕ್ಕೆ,
ಡಿಂಪ್ನಾಳ ಮನೆಗೆ.

ಟೆಲಿಫೋನ್ ಕಚೇರಿಯಲ್ಲಿ ಊರಿಗೆಲ್ಲ ಮಾತು ಜೋಡಿಸುವವಳು
ಅವನ ಮುಂದೆ ಮಾತ್ರ ತಂತಿ ಕಡಿದಂತೆ:
‘ಒಂದು ಮೂಟೆ.’ ‘ಅಲ್ಲಿಡಿ.’ ‘ನೀರು?’
ಅವನು ಕುಡಿದಿಟ್ಟ ಲೋಟದ ಮೇಲೆ ಐದು ಕಪ್ಪು ಬೆರಳು.
(ಅದನ್ನವಳು ತೊಳೆಯುತ್ತಿರಲಿಲ್ಲ. ಸಕ್ಕರೆ ಕೇಳಲು ಹೋದಾಗ ಕಂಡೆ.)

ಜುಲೈ ಬಂತು. ‘ಈ ಸೆಕೆಯಲ್ಲೂನಾ?’ ಅಂದ ಮಲಾಕಿ.
‘ನನ್ನದು ಶೀತದ ಮೈ’ ಅಂದಳು, ಹಣೆಯ ಬೆವರು ಒರೆಸುತ್ತ.
ಪಾಪ, ನಂಬಿದ. ಇಳಿಯುವಾಗ ನನ್ನನ್ನು ತಡೆದು ಕೇಳಿದ:
ಅವಳಿಗೆ ಡಾಕ್ಟರು ಯಾರು?

ನನ್ನದು ಬಿಸ್ಕತ್ ಕಾರ್ಖಾನೆಯ ರಾತ್ರಿ ಪಾಳಿ.
ಬೆಳಿಗ್ಗೆ ಗಂಜಿಗೆ ಕೂತರೆ ಮೇಲಿನಿಂದ ಸುಣ್ಣದ ಹಪ್ಪಳ.
ಸ್ನಾನದ ತೊಟ್ಟಿಯಲ್ಲಿ ಹನ್ನೊಂದು ಮೂಟೆ, ಮಂಚದಡಿ ಎಂಟು,
ಉಳಿದದ್ದು ಮೇರಿ ಮಾತೆಯ ಪಟದ ಕೆಳಗೆ ಪೇರಿಸಿ
ಕಸೂತಿ ಬಟ್ಟೆ ಹೊದಿಸಿ ಹೂದಾನಿ ಇಟ್ಟಿದ್ದಳು.
ಸ್ನಾನಕ್ಕೆ ಬಸ್ಸು ಹತ್ತಿ ಅಕ್ಕನ ಮನೆಗೆ.
ಬುದ್ಧಿ ಹೇಳಲು ಹೋದೆ, ನಾನು,
ಮೂವತ್ತು ವರ್ಷ ಒಂದು ಹೆಸರನ್ನು ಬಾಯಿಬಿಡದೆ ಇಟ್ಟುಕೊಂಡ ಪ್ರಾಣಿ.
ಇದ್ದಲು ಮಸಿಗೆ ಬುದ್ಧಿ ಹೇಳಿದ ಹಾಗಾದೀತೆಂದು
ಸಕ್ಕರೆ ಇಸಿದುಕೊಂಡು ಬಂದೆ.

ಸೆಪ್ಟೆಂಬರಿನಲ್ಲಿ ಬಿಷಪ್ಪಿಗೆ ನೊಣ ಕಚ್ಚಿ ಕತ್ತೆತ್ತಿ ಕೊಡವಿತು.
ಲಗಾಮು ಎಳೆಯುತ್ತ ಮಲಾಕಿಯೂ ಕತ್ತೆತ್ತಿದ.
ಮಾಳಿಗೆ ನೋಡಿದ. ಮತ್ತೆ ನೋಡಿದ.
ಆಂಟೆನಾ ಇತ್ತು. ಪಾರಿವಾಳ ಇತ್ತು.
ಚಿಮಣಿ ಇರಲಿಲ್ಲ.

ಬೇರೆ ಗಂಡಸಾಗಿದ್ದರೆ ಮೀಸೆ ತಿರುವುತ್ತಿದ್ದ.
ಇವನು ಲೆಕ್ಕದ ಪುಸ್ತಕ ಹಿಡಿದು ಹತ್ತಿದ.
ನಲವತ್ತಮೂರು ಮೂಟೆ ಒಂದೊಂದಾಗಿ ಇಳಿಸಿದ,
ಬೇಡದ ಮಾಲು ಮಾರಿದ ಪಾಪಕ್ಕೆ
ಪೆನ್ನಿಗೆ ಪೆನ್ನಿ ಎಣಿಸಿ ಮೇಜಿನ ಮೇಲಿಟ್ಟ.
ಅವಳು ಅತ್ತಳು, ಆಮೇಲೆ ಬೈದಳು, ಆಮೇಲೆ ನಾಣ್ಯ ಎಸೆದಳು.
ಒಂದು ನನ್ನ ಬಾಗಿಲವರೆಗೆ ಉರುಳಿ ಬಂತು.
‘ಹಾಗಾದರೆ ಗುರುವಾರ ಏನು ತರಲಿ?’
‘ಬರಿಗೈಯಲ್ಲಿ ಬಾ, ದಡ್ಡ.’

ಬಂದ. ತಿಕ್ಕಿ ತಿಕ್ಕಿ ತೊಳೆದ ಮುಖ, ಅಣ್ಣನ ಕೋಟು,
ಕೆನ್ನೆಯ ಮೇಲೆ ಬೀದಿ ಎಂದೂ ಕಂಡಿರದ ಕಂದು ಚುಕ್ಕೆಗಳು.
ಡಿಂಪ್ನಾ ಬಾಗಿಲು ತೆರೆದಳು.
‘ಏನೂ ಬೇಡ, ಮುಂದೆ ಹೋಗಿ’ ಅಂದಳು.
ಮುಚ್ಚಿದಳು.

ನನ್ನ ಮೆಟ್ಟಿಲ ಮೇಲೆ ಕುಸಿದು ಕೂತಿದ್ದ.
ಬಿರುಕಿನಿಂದ ಉದುರಿ ಕಿಟಕಿಕಟ್ಟೆಯಲ್ಲಿ ಕೂತ ಕರಿಪುಡಿಗೆ
ಹೆಬ್ಬೆರಳು ಅದ್ದಿ, ಬೂದಿ ಬುಧವಾರದ ಪಾದ್ರಿಯ ಹಾಗೆ,
ಒಂದು ದಿನ ತಡವಾಗಿ,
ಹಣೆಗೊಂದು ಮೂಗಿಗೊಂದು ಎಳೆದೆ.
‘ಈಗ ಹೋಗು.’

ಮೇಲೆ ಬಾಗಿಲು ತೆರೆದ ಸದ್ದು. ಲೋಟ ಒಡೆದ ಸದ್ದು.
ಆಮೇಲೆ ಸದ್ದಿಲ್ಲ.
ಕೆಳಗೆ ಬಿಷಪ್ ಎರಡು ಗಂಟೆ ಕಾಯಿತು,
ನೆಲಮಹಡಿಯವರ ಜೆರೇನಿಯಂ ಬುಡಸಮೇತ ತಿಂದಿತು.