ಎಷ್ಟು ಮಾರು

ಮುಹರ್ರಕ್ಕಿನ ಹಳೇ ಓಣಿ, ದರ್ಜಿಯಂಗಡಿಯ ಮೇಲಿನ ಕೋಣೆ.
ಜುಲೈ. ಎಸಿ ಆಫ್ ಮಾಡಿ ಕೂತಿದ್ದೇನೆ,
ಅದರ ಗೊರಕೆಯಲ್ಲಿ ಹಿಸ್ ಕೇಳಿಸುವುದಿಲ್ಲ.

ಸ್ಪೂಲು ಸುತ್ತುತ್ತಿದೆ. ಮುತ್ತಿನ ದೋಣಿಯ ಹಾಡು.
ಒಬ್ಬ ಎತ್ತಿಕೊಡುತ್ತಾನೆ, ಉಳಿದವರು ಹೊಟ್ಟೆಯ ತಳದಿಂದ
ತಿಮಿಂಗಿಲದ ಹಾಗೆ ಗುರುಗುಟ್ಟುತ್ತಾರೆ.
ಗಂಗೊಳ್ಳಿಯಲ್ಲಿ ಬಲೆ ಎಳೆವಾಗ ಅಪ್ಪ ಕೂಗಿದ್ದು ಬೇರೆ,
ಹಗ್ಗ ಮಾತ್ರ ಅದೇ ಜಾತಿಯದು.

ಪರದೆ ಕೇಳುತ್ತದೆ: ಹದಿನಾರು ಬಿಟ್ಟೋ, ಇಪ್ಪತ್ತನಾಲ್ಕೋ?

ಮ್ಯಾನೇಜರ್ ಬೇಬಿಚ್ಚನ್ ಫೋನಿನಲ್ಲೇ ಹೇಳಿಯಾಗಿದೆ:
ಹದಿನಾರು ಧಾರಾಳ. ನಲವತ್ತೊಂದು ಸ್ಪೂಲು,
ಡಿಸ್ಕಿಗೆ ದಿನಾರು ಯಾರು ಕೊಡುತ್ತಾರೆ?
ಹೊಟ್ಟೆಯುರಿಯೆಂದರೆ, ಲೆಕ್ಕ ಅವನದೇ ಸರಿ.
ಎಪ್ಪತ್ತೆಂಟರಲ್ಲಿ ಯಾರದೋ ಮದುವೆಮನೆಯಲ್ಲಿ ಹಿಡಿದ ಟೇಪು;
ಹನ್ನೊಂದನೇ ಬಿಟ್ಟಿಗೇ ತಳ.
ಅಲ್ಲಿಂದ ಕೆಳಗೆ ಹಿಸ್,
ಕಾದ ಕಾವಲಿಗೆ ನೀರು ಚಿಮುಕಿಸಿದ ಸದ್ದು, ನಿಲ್ಲದೆ.

ಟೇಪಿನ ಯಜಮಾನರು ಬೂ ಗಾನಿಮ್,
ಕುರ್ಚಿ ಬಿಟ್ಟು ನೆಲದಲ್ಲಿ ಕೂತವರು.
"ಯಾಕಮ್ಮಾ ಬ್ರಫುಲ್ಲಾ, ನಿಲ್ಲಿಸಿದೆ?"
(ಪಕಾರ ಬಾರದ ಊರು. ಆರು ವರ್ಷದಿಂದ ನಾನು ಬ್ರಫುಲ್ಲಾ.)

ಬಿಟ್ಟೆಂದರೇನೆಂದು ನನ್ನ ಮುರುಕು ಅರಬ್ಬಿಯಲ್ಲಿ ಹೇಗೆ ಹೇಳಲಿ?
ಎದ್ದು ನಿಂತು ಎರಡೂ ಕೈ ಚಾಚಿದೆ:
ಒಂದು ಮಾರು. ಅಪ್ಪ ಹಗ್ಗ ಅಳೆಯುತ್ತಿದ್ದ ಹಾಗೆ.
ಹದಿನಾರು ಮಾರು ಬಿಡಲೋ, ಇಪ್ಪತ್ತನಾಲ್ಕೋ?

ಹೇಳಿ ಮುಗಿಸುವ ಮೊದಲೇ ತಿಳಿಯಿತು ಅವರಿಗೆ.
ಅವರಪ್ಪ ಮುಳುಗುವವನ ಹಗ್ಗ ಹಿಡಿದು ದೋಣಿಯಂಚಲ್ಲಿ ನಿಂತವನು,
ಇವರು ಕುಡಿಯುವ ನೀರು ಕೊಡುವ ಹುಡುಗ.
"ಆಳ ಎಷ್ಟಿದೆ?"
ಹನ್ನೊಂದು, ಎಂದೆ. ಸುಳ್ಳು ಬಾಯಿಗೆ ಬರಲಿಲ್ಲ.
ಆಮೇಲೆ ಮುತ್ತಿಲ್ಲ, ಚಿಪ್ಪೂ ಇಲ್ಲ. ಮರಳು.

ನಕ್ಕರು. ಮೇಲೆರಡು ಹಲ್ಲು.
"ಹೊಸ ಹುಡುಗರು ಅರ್ಧಕ್ಕೇ ಮೇಲೆ ಬಂದು
ತಳ ಮುಟ್ಟಿದೆ ಅನ್ನುತ್ತಿದ್ದರು.
ನಮ್ಮಪ್ಪ ಮುಷ್ಟಿ ಬಿಡಿಸಿ ನೋಡುತ್ತಿದ್ದ.
ಮರಳಿದ್ದರೆ ಊಟ."

ಸ್ಪೂಲನ್ನು ಹಿಂದಕ್ಕೆ ಸುತ್ತಿದೆ. ಇಪ್ಪತ್ತನಾಲ್ಕು.
ಫೈಲು ಒಂದೂವರೆ ಪಟ್ಟು ದಪ್ಪ;
ಬೇಬಿಚ್ಚನ್ ಬೇಕಾದರೆ ನನ್ನ ಸಂಬಳದಲ್ಲಿ ಹಿಡಿಯಲಿ.
(ಹಿಡಿದೇ ಹಿಡಿಯುತ್ತಾನೆ.)

ಹಾಡು ಮುಗಿದ ಮೇಲೂ ನಿಲ್ಲಿಸಲಿಲ್ಲ.
ಯಾರೋ ಕೆಮ್ಮಿದರು, ಲೋಟ ಇಟ್ಟರು,
ಆಮೇಲೆ ಯಾರೂ ಇಲ್ಲ.
ಟೇಪಿನ ಬಾಲ ಚಟಪಟ ಬಡಿಯುವವರೆಗೂ ಹಿಸ್ ಹರಿಯಿತು,
ಮೀಟರಿನ ಬುಡದಲ್ಲಿ ಹಸಿರು ಕಡ್ಡಿಯೊಂದು
ಒಮ್ಮೆ ಇದೆ, ಒಮ್ಮೆ ಇಲ್ಲ.

ಬೂ ಗಾನಿಮ್ ನನ್ನ ಕೈ ಕಡೆ ಗಲ್ಲ ಎತ್ತಿದರು.
ಯಾವಾಗ ಮುಷ್ಟಿ ಹಿಡಿದಿದ್ದೆನೋ. ಬಿಡಿಸಿದೆ.
ಬೆವರು.

ಬಾಗಿ ನೋಡಿದರು, ಸಾವಕಾಶ, ಕನ್ನಡಕ ಏರಿಸಿ.
"ಸರಿ. ಈಗ ಎಸಿ ಹಾಕು ಮಾರಾಯ್ತಿ,"
ಎಂದೇನೋ ಅರಬ್ಬಿಯಲ್ಲಿ ಅಂದರು.